ಗಫಾರ್ ಸಾಬರ ಒಂದೊಂದೇ ಚಕ್ರ

ನಮ್ಮ ಮನೆಯಲ್ಲಿ ನೀರು ಕಾಯಿಸುವ ತಾಮ್ರದ ಪಾತ್ರೆಗಳು ಎರಡಿವೆ. ಬಚ್ಚಲಿನ ಹಂಡೆಯಿಂದ ಮನೆಮಂದಿಯ ಸ್ನಾನವಾಗುತ್ತದೆ; ನಡುಮನೆಯ ಮೂಲೆಯಲ್ಲಿ ಆರು ಚಕ್ರಗಳ ಮೇಲೆ ಠೀವಿಯಿಂದ ಕುಳಿತಿರುವ ಇನ್ನೊಂದರಿಂದ ನಮ್ಮೂರು ಹೊಳಲಿನಲ್ಲಿ ನನ್ನ ಮಾನ ಹೋಗುತ್ತದೆ. ಓದುಗ ಮಿತ್ರರೇ, ಅದು ಹಬೆಯಿಂದ ಓಡುವ ಪುಟ್ಟ ರೈಲಿನ ಎಂಜಿನ್ನು. ಅದನ್ನು ಆಟಿಕೆ ಎಂದರೆ ನನಗೆ ಸಿಟ್ಟು ಬರುತ್ತದೆ. ಮೊಣಕಾಲೆತ್ತರವಿದ್ದರೂ ಅದರ ಹೊಟ್ಟೆಯೊಳಗೆ ನಿಜವಾದ ಬೆಂಕಿ, ನಿಜವಾದ ನೀರು, ನಿಜವಾದ ಹಬೆ. ತೆಂಗಿನ ಚಿಪ್ಪಿನ ಇದ್ದಿಲು ತಿಂದು, ಹಿಂದಿನ ಗಾಡಿಯಲ್ಲಿ ಒಬ್ಬ ದೊಡ್ಡ ಆಳನ್ನು ಕೂರಿಸಿಕೊಂಡು ಎಳೆಯುವ ಯೋಗ್ಯತೆ ಅದಕ್ಕಿದೆ. ಗೊಬ್ಬರದಂಗಡಿ ಇಟ್ಟುಕೊಂಡು ಯೂರಿಯಾ ಮಾರುವವನಿಗೆ ಇದ್ಯಾಕೆ ಬೇಕಿತ್ತು ಎಂದು ಕೇಳಬೇಡಿ. ಹುಚ್ಚು ಹಿಡಿಯುವಾಗ ಕಸುಬು ವಿಚಾರಿಸಿ ಹಿಡಿಯುವುದಿಲ್ಲ.

ಇಂಥ ಎಂಜಿನ್ನಿಗೆ ಬೇಕಾದ ಸಾಮಾನು ನಮ್ಮ ಕಡೆ ಸಿಗುತ್ತಿದ್ದದ್ದು ಒಂದೇ ಕಡೆ, ಮದ್ದೂರಿನ ಸ್ಟೇಷನ್ ರಸ್ತೆಯ ಗಫಾರ್ ಸಾಬರ ಗುಜರಿ ಅಂಗಡಿಯಲ್ಲಿ. ಕೆಟ್ಟ ಪಂಪ್‌ಸೆಟ್ಟು, ಕಬ್ಬಿನ ಗಾಣದ ಹಲ್ಲುಚಕ್ರ, ಔಷಧಿ ಹೊಡೆಯುವ ಕ್ಯಾನಿನ ಹಿತ್ತಾಳೆ ಮೂತಿ, ಇವುಗಳ ನಡುವೆ ಇವುಗಳಷ್ಟೇ ಕದಲದೆ ಸಾಬರು ಕುರ್ಚಿ ತುಂಬ ಕುಳಿತಿರುತ್ತಿದ್ದರು. ಏನು ಕೇಳಿದರೂ ಇಲ್ಲ ಅಂದವರಲ್ಲ. ಆದರೆ ಅವರದೊಂದು ಪದ್ಧತಿ, ಒಂದು ಸಲಕ್ಕೆ ಒಂದೇ ಸಾಮಾನು. ಆರು ಚಕ್ರ ಬೇಕೆಂದು ಹೋದವನ ಕೈಗೆ ಒಂದನ್ನಿಟ್ಟು, "ಮೊದ್ಲು ಇದ ಕೂರ್ಸಿ. ಎಂಗೆ ಕೂತ್ಕತ್ತು ಅಂತ ಬಂದೇಳಿ, ಆಮ್ಯಾಕೆ ಇನ್ನೊಂದು," ಅಂದರು. ಉಳಿದವು ಅವರ ಕಾಲಬುಡದಲ್ಲೇ ನನ್ನ ಕಣ್ಣೆದುರಿಗೇ ಬಿದ್ದಿದ್ದವು. ಒಂಟಿ ಚಕ್ರ ಹೇಗೆ ಕೂತಿತೆಂದು ಯಾವ ಬ್ರಹ್ಮ ಹೇಳಬಲ್ಲ? ಆದರೂ ನಾನು ಬಸ್ಸು ಹತ್ತಿ ಹೋಗಿ ವರದಿ ಒಪ್ಪಿಸುತ್ತಿದ್ದೆ. ಸಾಬರು ಟೀ ತರಿಸಿ, ಗಂಡನ ಮನೆಗೆ ಕಳಿಸಿದ ಮಗಳ ಸುದ್ದಿ ಕೇಳುವ ಅಕ್ಕರೆಯಿಂದ ಆ ಚಕ್ರದ ಯೋಗಕ್ಷೇಮ ವಿಚಾರಿಸುತ್ತಿದ್ದರು.

ಫೋನಿನಲ್ಲಿ ಆರ್ಡರ್ ಮಾಡಿದರೆ ಅಷ್ಟೂ ಸಾಮಾನು ಒಂದೇ ಡಬ್ಬಿಯಲ್ಲಿ ಬಾಗಿಲಿಗೆ ಬರುತ್ತದಂತಲ್ಲ ಎಂದು ನನ್ನ ಹೆಂಡತಿ ನಾಗರತ್ನ ಸೂಚಿಸಿದ್ದುಂಟು. ಬರಬಹುದು, ಆದರೆ ಸಾಬರ ಮೇಲಿನ ನಂಬಿಕೆ ಡಬ್ಬಿಯ ಮೇಲೆ ಹುಟ್ಟೀತೇ? ಬಾಯ್ಲರಿಗೆ ತೆಳು ತಗಡು ಸಾಕೆಂದು ನಾನು ಎಷ್ಟು ಕಾಡಿದರೂ ಅವರು ಕೊಡಲಿಲ್ಲ. ಅದು ಒಡೆದು ನಾನು ಹಾರಿಹೋದರೆ ಮಿಕ್ಕ ಚಕ್ರಗಳಿಗೆ ಗಿರಾಕಿ ಯಾರು ಎಂಬುದು ಅವರು ಕೊಟ್ಟ ಕಾರಣ. ದಪ್ಪ ತಗಡು ಸಿಗುವವರೆಗೆ ನನ್ನನ್ನು ಕಾಯಿಸಿದರು.

ಇಷ್ಟಕ್ಕೆಲ್ಲ ಸಾಬರು ಹಾಕಿದ ಷರತ್ತು ಒಂದೇ. ನನ್ನ ತೋಟದಲ್ಲಿ ಹಳಿ ಹಾಕಿ ರೈಲು ಬಿಟ್ಟ ದಿನ ಮೊದಲು ಕೂರುವವರು ಅವರೇ ಆಗಬೇಕು. ಬೆಳಗಿನಿಂದ ಸಂಜೆವರೆಗೆ ರೈಲಿನ ಸದ್ದು ಕೇಳುತ್ತಾ ಬದುಕಿದ ಮನುಷ್ಯ, ಅಂಗಡಿ ಬಿಟ್ಟು ರೈಲು ಹತ್ತಿದ್ದು ಮಾತ್ರ ಅಪರೂಪ. ನಾನು ಮಾತು ಕೊಟ್ಟೆ. ಆ ಮಾತಿಗಾಗಿ ಪರೀಕ್ಷೆಯ ಓಟದಲ್ಲಿ ಹಿಂದಿನ ಗಾಡಿಗೆ ಗೊಬ್ಬರದ ಮೂಟೆ ಹೇರಿದೆನೇ ಹೊರತು ಮನುಷ್ಯರನ್ನು ಕೂರಿಸಲಿಲ್ಲ. ನಾಗರತ್ನಳನ್ನೂ ಕೂರಿಸಲಿಲ್ಲ, ಆಕೆ ಕೇಳಿಯೂ ಇರಲಿಲ್ಲ.

ಪರೀಕ್ಷೆಯ ಓಟದ ಮಾರನೆಯ ದಿನ ಎದುರುಮನೆಯ ಜಯಮ್ಮ ಬಂದು ಬಾಗಿಲಲ್ಲಿ ನಿಂತರು. ಹಿತ್ತಾಳೆ ಮೂತಿಯಿಂದ ಮಾಡಿದ ನನ್ನ ಎಂಜಿನ್ನಿನ ಸೀಟಿ ಥೇಟ್ ಕುಕ್ಕರಿನಂತೆಯೇ ಕೂಗುತ್ತಿತ್ತು. "ನಿಮ್ ರೈಲು ಕೂಗ್ಸ್‌ಬೇಕಾರೆ ಒಂದ್ಮಾತು ಏಳ್ಬುಡಿ ಅಣ್ಣ. ನಮ್ ಕುಕ್ಕರ್ರೇ ಕೂಗ್ತು ಅನ್ಕಂಡು ನಾನು ಗ್ಯಾಸ್ ಆಫ್ ಮಾಡ್ಬುಡ್ತೀನಿ, ಬ್ಯಾಳೆ ಬೇಯಕಿಲ್ಲ," ಅಂದರು. ಈ ಸುದ್ದಿ ಕೇಳಿ ಸಾಬರು ಕುರ್ಚಿ ಕಿರುಗುಟ್ಟುವಂತೆ ನಕ್ಕರು. ನಗು ಕೆಮ್ಮಾಗಿ, ಕೆಮ್ಮು ಬೇಗ ನಿಲ್ಲಲಿಲ್ಲ.

ಒಂದೊಂದೇ ಸಾಮಾನು ಕೊಟ್ಟುಕೊಂಡು ಬಂದ ಸಾಬರು ತಮ್ಮ ರೈಲನ್ನು ತಾವೇ ಲೇಟು ಮಾಡಿಕೊಂಡಿದ್ದರು. ಎಂಜಿನ್ನು ಸಿದ್ಧವಾಗುವ ಹೊತ್ತಿಗೆ ಅವರ ಹೃದಯ ಕೈಕೊಟ್ಟಿತ್ತು. ಅಂಗಡಿಯ ಹಿಂಬದಿಯ ಮನೆಯಿಂದ ಈ ಕುರ್ಚಿಯವರೆಗೆ ಬರುವುದಕ್ಕಷ್ಟೇ ಡಾಕ್ಟರ ಅಪ್ಪಣೆ; ಹೊಳಲು ದೂರದ ಮಾತು. ನನಗೆ ಬಹಳ ಸಂಕಟವಾಯಿತು. ಅವರು ಕೂರದಿದ್ದರೆ ನಾನು ಮಾಡಿದ್ದೆಲ್ಲ ದಂಡ ಅನ್ನಿಸಿತು.

ಕೊನೆಗೆ ಎಂಜಿನ್ನನ್ನೇ ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಮದ್ದೂರಿಗೆ ಹೋದೆ. ಆ ಅಂಗಡಿಯಲ್ಲಿ ಹಳಿ ಹಾಕುವುದಿರಲಿ, ಕಾಲಿಡಲೂ ಜಾಗವಿಲ್ಲ. ಚಕ್ರಗಳು ನೆಲಕ್ಕೆ ತಾಕದಂತೆ ಎಂಜಿನ್ನನ್ನು ಎರಡು ಮರದ ದಿಮ್ಮಿಗಳ ಮೇಲಿಟ್ಟು, ಇದ್ದಿಲಿಗೆ ಬೆಂಕಿ ಕೊಟ್ಟೆ. ಸಾಬರ ಹೆಂಡತಿ ಮುಮ್ತಾಜಮ್ಮನೂ ನಾನೂ ಹಿಡಿದು ಅವರ ಕುರ್ಚಿಯನ್ನು ಎಂಜಿನ್ನಿನ ಹಿಂದಕ್ಕೆ ಸರಿಸಿದೆವು. ಹಬೆ ಏರಿತು. ಆರೂ ಚಕ್ರಗಳು ಗಾಳಿಯಲ್ಲಿ ತಿರುಗತೊಡಗಿದವು. ಸಾಬರು ಕಣ್ಣು ಮುಚ್ಚಿಕೊಂಡರು.

ಸ್ವಲ್ಪ ಹೊತ್ತಿನ ಮೇಲೆ, "ಈಗ ಯಾವೂರು ಬಂತು ಗೌಡ್ರೆ?" ಎಂದರು.

ಹನಕೆರೆ ದಾಟಿತು ಎಂದೆ. ಮಂಡ್ಯದಲ್ಲಿ ಜನ ಜಾಸ್ತಿ, ನಿಧಾನ ಮಾಡಿ ಎಂದು ಎಚ್ಚರಿಸಿದರು. ನಾನು ನಿಧಾನ ಮಾಡಿದೆ. ಮುಮ್ತಾಜಮ್ಮ ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಒಳಗೆ ಹೋಗಿ ಟೀ ತಂದು, ಸರಿಯಾಗಿ ಮಂಡ್ಯದಲ್ಲೇ ಗಂಡನ ಕೈಗೆ ಕೊಟ್ಟರು. ಯಲಿಯೂರು ಹೋಯಿತು, ಬ್ಯಾಡರಹಳ್ಳಿ ಹೋಯಿತು. ಪಾಂಡವಪುರಕ್ಕೆ ಬರುವಷ್ಟರಲ್ಲಿ ಹಬೆ ಇಳಿದು ಚಕ್ರಗಳು ನಿಂತವು. ಇನ್ನೊಂದಿಷ್ಟು ಇದ್ದಿಲು ಹಾಕಿ ಮೈಸೂರು ಮುಟ್ಟಿಸುತ್ತೇನೆ ಎಂದೆ.

"ಬ್ಯಾಡಿ ಬುಡಿ. ಮೈಸೂರಲ್ಲಿ ನಮ್ ಬೀಗ್ರವ್ರೆ, ಅಲ್ಲಿಗೋದ್ರೆ ಸುಮ್ಕೆ ಕಳ್ಸಕಿಲ್ಲ. ನಾನು ಇಲ್ಲೇ ಇಳ್ಕತೀನಿ."

ಮುಂದಿನ ವಾರ ಸಾಬರು ಹೋಗಿಬಿಟ್ಟರು. ಈಗ ನನ್ನ ತೋಟದ ರೈಲಿನಲ್ಲಿ ಯಾರು ಬೇಕಾದರೂ ಕೂರಬಹುದು. ಮೊದಲ ಪ್ರಯಾಣಿಕರು ಪಾಂಡವಪುರದಲ್ಲಿ ಇಳಿದುಕೊಂಡರು.