ವಿಮಾನ ತಿರುಗಿ ಹೋದ ದಿನ

ರಾಯಚೂರಿಗೆ ವಿಮಾನ ಬರುತ್ತದೆ ಎಂಬ ಮಾತನ್ನು ನಾನು ಬುದ್ಧಿ ಬಂದಾಗಿನಿಂದ ಕೇಳುತ್ತಿದ್ದೇನೆ. ಬಂದಾಗ ಬರಲಿ. ನಮ್ಮವ್ವ ವಿಮಾನ ಹತ್ತಿದ್ದು ಮಗನಿಗೆ ಮಣ್ಣು ಕೊಡುವುದಕ್ಕೆ.

ಇದ್ದೊಬ್ಬ ಮಗ, ನನ್ನ ತಮ್ಮ, ದೇವದುರ್ಗದ ಕೂಲಿ ಗ್ಯಾಂಗಿನ ಜತೆ ಹಿಮಾಲಯದ ಮೇಲಿನ ಒಂದು ಸಣ್ಣ ಪಟ್ಟಣಕ್ಕೆ ರಸ್ತೆ ಕೆಲಸಕ್ಕೆ ಹೋಗಿದ್ದ. ಹಿಮ ಬೀಳುವ ಮೊದಲು ಎಲ್ಲರೂ ಇಳಿದು ಬರಬೇಕಿತ್ತು. ಗುತ್ತಿಗೆದಾರ ಇನ್ನಷ್ಟು ಕೆಲಸವಿದೆ ಎಂದು ಕೆಲವರನ್ನು ಹಿಡಿದು ನಿಲ್ಲಿಸಿಕೊಂಡ. ಹಿಮ ಬಿತ್ತು, ರಸ್ತೆ ಮುಚ್ಚಿತು, ತಮ್ಮನಿಗೆ ಉಸಿರಾಡಲಾಗದಾಯಿತು. ಎದೆಯಲ್ಲಿ ನೀರು ತುಂಬಿತ್ತಂತೆ.

ಫೋನು ಬಂದಾಗ ನಾನು ಮಾನ್ವಿಯ ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದೆ. ಮಾಡಿದವರು ಗ್ಯಾಂಗಿನ ಮೇಸ್ತ್ರಿ. ದೇವದುರ್ಗದಲ್ಲಿ ಅವ್ವನ ಓಣಿಯವರೇ, ನಾವು ಕಾಕಾ ಎನ್ನುತ್ತೇವೆ. ಅತ್ತು ಮುಗಿಸಿದ ಮೇಲೆ ನಾನು, "ವಿಮಾನದಾಗ ಪೆಟ್ಟಿಗ್ಯಾಗಿಟ್ಟು ಕಳಸ್ತಾರಂತ, ಕಳಸ್ರಿ ಕಾಕಾ" ಎಂದೆ.

"ಕೂಡ್ಸೀವಿ ಯವ್ವಾ" ಎಂದರು.

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ. ಜೀವ ಹೋದ ಕೂಡಲೇ ಕಾಲು ಮಡಚಿ, ಗೋಡೆಗೆ ಒರಗಿಸಿ, ಹಣೆಗೆ ವಿಭೂತಿ ಹಚ್ಚಿ ಕೂಡಿಸುತ್ತಾರೆ. ಕುಳಿತಂತೆಯೇ ನೆಲದಲ್ಲಿ ತೋಡಿದ ಕುಣಿಗೆ ಇಳಿಸುತ್ತಾರೆ. ಕಾಕಾ ಅಲ್ಲಿಯೂ ಅದನ್ನೇ ಮಾಡಿದ್ದರು. ತಗಡಿನ ಶೆಡ್ಡಿನಲ್ಲಿ ಕುಳಿತವನು ಆ ಚಳಿಗೆ ಹಾಗೆಯೇ ಸೆಟೆದು ಕಲ್ಲಾಗಿದ್ದ. ವಿಮಾನದವರು ಒಯ್ಯುವುದು ಹೆಣವನ್ನು ಮಲಗಿಸಿದ ಪೆಟ್ಟಿಗೆಯನ್ನು. ಕುಳಿತ ಹೆಣಕ್ಕೆ ಪೆಟ್ಟಿಗೆ ಎಲ್ಲಿಂದ ತರುವುದು?

"ಯಾರು ಹೇಳಿದ್ರು ನಿಮಗ ಕೂಡ್ಸಂತ?" ಎಂದು ನಾನು ಮಕ್ಕಳ ಮುಂದೆಯೇ ಕಿರುಚಿದೆ.

"ಮತ್ತ ಹೆಂಗ ಬಿಡಬೇಕಿತ್ತು? ದಿಕ್ಕಿಲ್ಲದವನಂಗ ಮಲಗಿಸಿ ಬಿಡಬೇಕಿತ್ತೇನು?" ಎಂದು ಅವರೂ ಅತ್ತರು.

ದೇವದುರ್ಗಕ್ಕೆ ಹೋಗಿ ಹೇಳಿದಾಗ ಅವ್ವ ಕೇಳಿದ್ದು ಒಂದೇ. ತಾನು ಹೋಗಿ ಮಗನ ಮುಖ ನೋಡಬೇಕು, ಆಮೇಲೆ ಮಣ್ಣು. "ನಾ ಬರೂತನ ಮುಚ್ಚಬ್ಯಾಡ್ರಿ ಅನ್ನು." ಕಾಕಾ ಒಪ್ಪಿದರು.

ರಾಯಚೂರಿನಿಂದ ರೈಲು, ಹೈದರಾಬಾದಿನಿಂದ ದೊಡ್ಡ ವಿಮಾನ, ಕೊನೆಗೆ ಗುಡ್ಡದ ಪಟ್ಟಣಕ್ಕೆ ರೆಕ್ಕೆಯಲ್ಲಿ ಫ್ಯಾನು ತಿರುಗುವ ಪುಟಾಣಿ ವಿಮಾನ. ಅವ್ವ ಸೆರಗಿನ ತುದಿಯಲ್ಲಿ ನಮ್ಮ ಅಂಗಳದ ಒಂದು ಹಿಡಿ ಮಣ್ಣು ಕಟ್ಟಿಕೊಂಡಿದ್ದಳು. ತಪಾಸಣೆಯ ಪೊಲೀಸ್ ಹೆಂಗಸು ಗಂಟು ಬಿಚ್ಚಿಸಿದಳು. ಇದೇನು ಎಂದು ಕೇಳಿದಾಗ ನನಗೆ ಬಂದಷ್ಟು ಹಿಂದಿಯಲ್ಲಿ ಹೇಳಿದೆ. ಅವಳು ತಾನೇ ಮತ್ತೆ ಗಂಟು ಕಟ್ಟಿಕೊಟ್ಟಳು. ಆ ಇಡೀ ದಾರಿಯಲ್ಲಿ ನಮಗೆ ಸಿಕ್ಕ ಕರುಣೆ ಅಷ್ಟೇ.

ಬೆಟ್ಟಗಳ ಮೇಲೆ ಬಹಳ ಹೊತ್ತು ಹಾರಿದ ಮೇಲೆ ಮೋಡ ಸರಿದು ಊರು ಕಂಡಿತು. ಬಿಳಿಯ ನಡುವೆ ತಗಡಿನ ಮನೆಗಳು, ವಿಮಾನ ಇಳಿಯುವ ಪಟ್ಟಿ, ಊರಾಚೆ ಒಂದು ಕಡೆ ಕಪ್ಪು ಹೊಗೆ. ಅವ್ವ ಹಣೆಯನ್ನು ಕಿಟಕಿಗೆ ಒತ್ತಿ ನೋಡಿದಳು.

"ನೋಡಲ್ಲಿ, ಹೊಗಿ ಏಳಾಕತ್ತದ. ಯಾರೋ ಅಡಗಿ ಮಾಡಾಕತ್ತಾರ" ಎಂದಳು.

ವಿಮಾನ ಒಂದು ಸುತ್ತು ಹಾಕಿತು, ಇನ್ನೊಂದು ಹಾಕಿತು. ಆಮೇಲೆ ಮೂಗು ಎತ್ತಿ ಬಂದ ದಾರಿಗೇ ತಿರುಗಿತು. ಮೋಡ ಮುಚ್ಚುತ್ತಿದೆ, ಇಳಿಯಲಾಗದು ಎಂದು ವಿಮಾನದವರು ಹಿಂದಿಯಲ್ಲಿ ಹೇಳಿದರು. ನಾನು ಅವ್ವನಿಗೆ ಹೇಳಿದೆ. ದೇವದುರ್ಗದಿಂದ ಜಾಲಹಳ್ಳಿಗೆ ಹೋಗುವ ಬಸ್ಸಿನಲ್ಲಿ ಒಂದು ಕೂಗು ಹಾಕಿದರೆ ಹೊಲದ ಬದುವಿನಲ್ಲೂ ಇಳಿಸುತ್ತಾರೆ. ಅವ್ವನಿಗೆ ಗೊತ್ತಿದ್ದದ್ದು ಆ ಬಸ್ಸು. ಸೊಂಟದ ಪಟ್ಟಿಯನ್ನು ಜಗ್ಗುತ್ತಾ ಏಳಲು ನೋಡಿದಳು.

"ಯಪ್ಪಾ, ಊರು ಬಂದದ! ಇಲ್ಲೇ ಇಳಸ್ರೀ! ನಡಕೊಂಡು ಹೋಗ್ತೀವಿ!"

ಮುಂದಿನ ಸೀಟಿನವನು ನಕ್ಕ. ನಾನು ಅವನ ಭುಜ ಹಿಡಿದು ಜಗ್ಗಿ ನನ್ನ ಕಡೆ ತಿರುಗಿಸಿಕೊಂಡೆ. ಏನು ಅಂದೆನೋ ನೆನಪಿಲ್ಲ, ಕನ್ನಡದಲ್ಲೇ ಅಂದೆ. ಅವನು ಮತ್ತೆ ನಗಲಿಲ್ಲ.

ಮರುದಿನ ಬೆಳಿಗ್ಗೆ ಅದೇ ವಿಮಾನ ನಮ್ಮನ್ನು ಇಳಿಸಿತು. ಗೇಟಿನ ಹೊರಗೆ ಕಾಕಾ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು. ನಮ್ಮ ಮುಖ ನೋಡಲಿಲ್ಲ. ನನಗೆ ಆಗಲೇ ತಿಳಿಯಿತು, ಅವ್ವನಿಗೂ ತಿಳಿದಿರಬೇಕು.

ನಡೆಯುತ್ತಾ ಹೇಳಿದರು. ಅಲ್ಲಿನ ನೆಲಕ್ಕೆ ಗುದ್ದಲಿ ಇಳಿಯುತ್ತಿರಲಿಲ್ಲ. ಹಳೆಯ ಟೈರು, ಕಟ್ಟಿಗೆ ಒಟ್ಟಿ ಬೆಂಕಿ ಹಾಕಿ, ನೆಲ ಮೆತ್ತಗಾದಷ್ಟು ತೋಡಿ, ಮತ್ತೆ ಬೆಂಕಿ ಹಾಕಿ ಕುಣಿ ಮಾಡಿದ್ದರು. ಕೊನೆಯ ಬೆಂಕಿ ಇನ್ನೂ ಹೊಗೆಯಾಡುತ್ತಿದ್ದಾಗ ವಿಮಾನದ ಸಪ್ಪಳ ಕೇಳಿತು. ಬಂದರು ಎಂದುಕೊಂಡು ತಮ್ಮನನ್ನು ಶೆಡ್ಡಿನಿಂದ ಹೊತ್ತು ತಂದು, ತಾಯಿಗೆ ಕಾಣಲಿ ಎಂದು, ಮುಖವನ್ನು ವಿಮಾನದ ಪಟ್ಟಿಯ ಕಡೆಗೆ ಮಾಡಿ ಕೂಡಿಸಿದರು. ಸಪ್ಪಳ ಊರ ಮೇಲೆ ಸುತ್ತಿತು, ಆಮೇಲೆ ದೂರವಾಯಿತು.

"ಹೊರಗ ತಂದವನ್ನ ತಿರುಗಿ ಒಳಗ ಒಯ್ಯಾಂಗಿಲ್ಲಲ್ಲ ಯವ್ವಾ. ಸಂಜಿತನ ಕಾದ್ವಿ. ಮೈಮ್ಯಾಲ ಹಿಮ ಬೀಳಾಕತ್ತು. ಕುಣಿ ಮತ್ತ ಕಲ್ಲಾಗಾಕತ್ತಿತ್ತು, ಮುಚ್ಚಿಬಿಟ್ವಿ."

"ಒಂದು ರಾತ್ರಿ ಒಳಗ ಇಟ್ಟಿದ್ರ ಆಕಾಶ ಕಳಚಿ ಬೀಳ್ತಿತ್ತೇನು?" ಎಂದು ನಾನು ಅವರ ಎದೆಗೆ ಗುದ್ದಿದೆ. ಅವರು ಗುದ್ದಿಸಿಕೊಂಡು ನಿಂತರು. ಅವರ ಕೈಗಳೆಲ್ಲ ಬಿರಿದು, ಬೊಬ್ಬೆ ಒಡೆದು ಕಪ್ಪಾಗಿದ್ದವು. ನನಗೆ ಅವರ ಮೇಲೆ ಸಿಟ್ಟು ಇಂದಿಗೂ ಇದೆ. ಅವರನ್ನು ಕಂಡರೆ ಅಳುವೂ ಬರುತ್ತದೆ.

ಅವ್ವ ಅಳಲಿಲ್ಲ, ಬಯ್ಯಲೂ ಇಲ್ಲ. ಮಣ್ಣಿನ ಗುಪ್ಪೆಯ ಮೇಲಿನ ಹಿಮವನ್ನು ಕೈಯಿಂದ ಸರಿಸಿ, ಸೆರಗಿನ ಗಂಟು ಬಿಚ್ಚಿ, ಅಂಗಳದ ಮಣ್ಣನ್ನು ಅಲ್ಲಿ ಸುರಿದಳು. ಪಕ್ಕದಲ್ಲಿ ಅರ್ಧ ಸುಟ್ಟ ಟೈರು ಬಿದ್ದಿತ್ತು. ಅದನ್ನು ನೋಡುತ್ತಾ ಕೇಳಿದಳು.

"ನಾವು ಮ್ಯಾಲ ತಿರುಗೂ ಹೊತ್ತಿನ್ಯಾಗ ಇಲ್ಲೇ ಕುಂತಿದ್ದನೇನು?"

"ಇಲ್ಲೇ ಕುಂತಿದ್ದ ಯಕ್ಕಾ. ಈ ಬೆಂಕಿ ಬಾಜೂಕ."

ಅವ್ವ ಬಗ್ಗಿ ಆ ಟೈರನ್ನು ಮುಟ್ಟಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಈ ಹೊಗಿ ನಾ ನೋಡಿದ್ದೆ. ಯಾರೋ ಅಡಗಿ ಮಾಡಾಕತ್ತಾರ ಅಂದೆ."