ರದ್ದಿಗೆ ಹಾಕಿದ ಹಾಳೆಗಳು

ಇದನ್ನು ಹೇಳುವುದನ್ನು ನಾನು ಬಹಳ ವರ್ಷ ಮುಂದೂಡಿದ್ದೇನೆ. ಮೊದಲು ಅಂಗಡಿಯ ಗಡಿಬಿಡಿ, ಪುರುಸೊತ್ತಿಲ್ಲ ಎಂದೆ. ಅಂಗಡಿ ಮುಚ್ಚಿದ ಮೇಲೆ ಕಣ್ಣಿನ ಪೊರೆ ತೆಗೆಸಿಕೊಳ್ಳುವವರೆಗೆ ತಡೆಯೋಣ ಎಂದೆ. ಅದೂ ಆಯಿತು. ಈಗ ಎರಡೂ ಕಣ್ಣು ಚೆನ್ನಾಗಿ ಕಾಣುತ್ತವೆ, ನೆಪಗಳು ಮಾತ್ರ ಕಾಣಿಸುತ್ತಿಲ್ಲ.

ಹೋದ ವಾರ ಆಧಾರ್ ಕಾರ್ಡಿನ ನಕಲು ಬೇಕಾಗಿ ಹಿಂದವಾಡಿಯ ಒಂದು ಝೆರಾಕ್ಸ್ ಅಂಗಡಿಗೆ ಹೋಗಿದ್ದೆ. ಹಾಳೆ ಕೈಗೆ ಬಂದಾಗ ಬೆಚ್ಚಗಿತ್ತು. ಆ ಬಿಸಿ ಕಾಗದದ ವಾಸನೆ ನಿಮಗೂ ಗೊತ್ತಿರಬಹುದು. ನನಗೆ ಅದು ಅನ್ನದ ವಾಸನೆ. ಅರ್ಧ ಆಯುಷ್ಯ ಅದರ ಮೇಲೆಯೇ ಉಂಡವನು ನಾನು. ಬಾಜುವಿನಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಫೋನಿನಿಂದ ಏನನ್ನೋ ಕಳಿಸಿ ಪ್ರಿಂಟ್ ತೆಗೆಸುತ್ತಿದ್ದಳು. ಕಂಡವರ ಹಾಳೆಯಲ್ಲಿ ಇಣುಕುವುದು ನನ್ನ ಕಸುಬಿನ ಕೆಟ್ಟ ಚಾಳಿ. ಇಣುಕಿದೆ. ಇಂಗ್ಲಿಷ್ ಪ್ರಬಂಧ, ತಾಯಿಯ ಕೈಗಳ ಬಗ್ಗೆ. ನನ್ನ ಇಂಗ್ಲಿಷ್ ಎತ್ತಿನ ಗಾಡಿಯಂತೆ ನಡೆಯುತ್ತದೆ, ಆದರೂ ಆ ತಾಯಿ ತನ್ನ ತೋಟದಲ್ಲಿ ಗುಲಾಬಿ ಹೂ ಕೊಯ್ಯುತ್ತಿದ್ದಾಳೆ ಎಂಬುದು ತಿಳಿಯಿತು.

"ನಿಮ್ಮವ್ವ ಏನ ಮಾಡ್ತಾರವಾ?" ಎಂದೆ.

"ಹೊಲಿಗಿ ಹಾಕ್ತಾರ್ರಿ ಅಜ್ಜಾ."

"ಮತ್ತ ಇದರಾಗ ಗುಲಾಬಿ ಕೊಯ್ಯಾಕತ್ತಾರಲ್ಲ?"

"ಅದು ಫೋನ್ ಬರದದ್ದರಿ. ತಗೋರಿ, ಮಿಸ್ ಏನ್ ಓದ್ತಾರಾ?" ಎಂದು ನಕ್ಕು, ತಾನೂ ಒಂದು ಸಾಲು ಓದದೆ ಪಿನ್ ಹೊಡೆಸಿಕೊಂಡು ಹೋದಳು.

ನನಗೆ ಬಂದ ಸಿಟ್ಟನ್ನು ಏನು ಹೇಳಲಿ. ದಾರಿಯುದ್ದಕ್ಕೂ ಬೈದೆ. ಹುಡುಗಿಯನ್ನು ಬೈದೆ, ಫೋನನ್ನು ಬೈದೆ, ಓದದೇ ಅಂಕ ಹಾಕುವ ಆ ಮಿಸ್ಸನ್ನು ಬೈದೆ. ಹೊಲಿಗೆ ಯಂತ್ರದ ಮುಂದೆ ಸೊಂಟ ಮುರಿದುಕೊಳ್ಳುವ ಹೆಂಗಸಿನ ಕೈಗೆ ಇವರೆಲ್ಲ ಸೇರಿ ಗುಲಾಬಿ ಕೊಟ್ಟರಲ್ಲ ಎಂದು ಬೈದೆ. ಮನೆಯ ಗೇಟು ತೆಗೆಯುವಾಗ ಕೈ ನಿಂತಿತು. ಪ್ರಬಂಧ ಬರೆಯುವುದಲ್ಲ, ಕೊಳ್ಳುವುದು ಎಂದು ಈ ಊರಿಗೆ ಕಲಿಸಿದವರಲ್ಲಿ ನಾನೂ ಒಬ್ಬ.

ಆಗ ನನ್ನ ಅಂಗಡಿ ಬೆಳಗಾವಿಯ ಒಂದು ಖಾಸಗಿ ಕಾಲೇಜಿನ ಎದುರಿಗಿತ್ತು. ಕಾಲೇಜಿನ ಹೆಸರು ಬರೆಯುವುದಿಲ್ಲ. ಇವತ್ತು ಅಲ್ಲಿ ಕಲಿಸುವವರು ಆಗ ಚಡ್ಡಿ ಹಾಕುತ್ತಿದ್ದರು. ಇಡೀ ರಸ್ತೆ ನನ್ನನ್ನು "ಏ ಝೆರಾಕ್ಸ್" ಎಂದೇ ಕರೆಯುತ್ತಿತ್ತು. ಹೆಸರಿಗೆ ನಕಲಿನ ಅಂಗಡಿ, ಹೊಟ್ಟೆ ತುಂಬುತ್ತಿದ್ದುದು ನೋಟ್ಸಿನಿಂದ. ಸರ್ ತರಗತಿಯಲ್ಲಿ ನೋಟ್ಸ್ ಹೇಳುತ್ತಿದ್ದರು, ಹುಡುಗರು ಬರೆದುಕೊಳ್ಳುತ್ತಿದ್ದರು, ದುಂಡಗಿನ ಅಕ್ಷರದ ಒಬ್ಬ ಹುಡುಗಿಯ ನೋಟ್‌ಬುಕ್ ನನ್ನ ಕಡೆ ಬರುತ್ತಿತ್ತು. ನಾನು ಕಟ್ಟು ಕಟ್ಟಿ ಮಾರುತ್ತಿದ್ದೆ. ಪರೀಕ್ಷೆಯಲ್ಲಿ ನೂರಾರು ಮಂದಿ ಒಂದೇ ಮಾತನ್ನು, ಒಂದೇ ತಪ್ಪಿನೊಂದಿಗೆ ಬರೆದು ಪಾಸಾಗುತ್ತಿದ್ದರು. ಇದರಲ್ಲಿ ಯಾರಿಗೂ ನಾಚಿಕೆಯಿರಲಿಲ್ಲ. ನನಗಂತೂ ಹೇಗೆ ಬರಬೇಕು? ನಾನು ಹತ್ತನೆಯ ಇಯತ್ತೆ ಪಾಸಾದದ್ದೇ ಹಾಗೆ, ಅದೂ ಎರಡನೆಯ ಸಲ. ಹೆಡ್‌ಮಾಸ್ತರರು ಪಿಕ್ನಿಕ್ಕಿನ ಬಗ್ಗೆ ಇಂಗ್ಲಿಷ್ ಪ್ರಬಂಧ ಬಾಯಿಪಾಠ ಮಾಡಿಸಿದ್ದರು. ಪರೀಕ್ಷೆಯ ಹಾಳೆಯ ಮೇಲೆ ನಮ್ಮ ಇಡೀ ಕ್ಲಾಸು ಎಂದೂ ನೋಡದ ಸಮುದ್ರದ ದಂಡೆಯಲ್ಲಿ ಕುಳಿತು ಸ್ಯಾಂಡ್‌ವಿಚ್ ತಿಂದಿತು. ಸ್ಯಾಂಡ್‌ವಿಚ್ ಎಂದರೆ ಒಂದು ಜಾತಿಯ ಮೀನು ಎಂದು ನಾನು ತಿಳಿದಿದ್ದೆ. ನಾವು ಬಸವಣ್ಣನ ಒಕ್ಕಲು. ಮೀನು ತಿಂದೆ ಎಂದು ಸರ್ಕಾರಿ ಪರೀಕ್ಷೆಯಲ್ಲಿ ಬರೆದು ಬಂದೆನಲ್ಲ ಎಂದು ಅವ್ವನ ಮುಂದೆ ಹೇಳಲೂ ಹೆದರಿದ್ದೆ.

ಅಂಥ ರಸ್ತೆಗೆ ಒಂದು ಜೂನ್ ತಿಂಗಳಲ್ಲಿ ಮೇಡಮ್ ಬಂದರು. ಸದ್ಯಕ್ಕೆ ಮೇಡಮ್ ಎಂದೇ ಕರೆಯುತ್ತೇನೆ, ಎಲ್ಲರೂ ಹಾಗೇ ಕರೆಯುತ್ತಿದ್ದರು. ಇಂಗ್ಲಿಷ್ ಕಲಿಸಲು ತಾಸಿನ ಲೆಕ್ಕದ ಮೇಲೆ ಬಂದವರು. ಅಂಥವರ ಹೆಸರು ಸ್ಟಾಫ್ ರೂಮಿನ ಬೋರ್ಡಿನ ಮೇಲೆ ಬರೆಯುವ ಪದ್ಧತಿ ಇರಲಿಲ್ಲ.

ನನ್ನ ಯಂತ್ರ ಹಳೆಯದು. ಸ್ವಲ್ಪ ಓಡಿದರೆ ಕಾದು ಕೆಂಪಾಗುತ್ತಿತ್ತು, ನಿಲ್ಲಿಸಿ ಆರಲು ಬಿಡಬೇಕು. ಉಳಿದ ಗಿರಾಕಿಗಳು ಆಗ ನನಗೂ ಯಂತ್ರಕ್ಕೂ ಸೇರಿಸಿ ಬೈಯುತ್ತಿದ್ದರು. ಮೇಡಮ್ ಮೊದಲ ದಿನವೇ, "ಅದರದೂ ಜೀವ ಅದ, ಉಸರ ಹಾಕ್ಲಿ ಬಿಡ್ರಿ," ಎಂದು ಸ್ಟೂಲಿನ ಮೇಲೆ ಕುಳಿತರು. ಆಮೇಲೆ, "ನಿಮ್ಮ ಹೆಸರೇನ್ರಿ?" ಎಂದು ಕೇಳಿದರು. ಈರಣ್ಣ ಎಂದೆ. ಅಂದಿನಿಂದ ಈರಣ್ಣಾರ ಎಂದೇ ಕರೆದರು. ಅವರ ಹೆಸರೇನೆಂದು ಕೇಳುವುದು ನನಗೆ ಹೊಳೆಯಲಿಲ್ಲ.

ಯಂತ್ರ ಆರುವ ಹೊತ್ತಿನಲ್ಲಿ ಅವರ ಕಥೆ ತುಂಡು ತುಂಡಾಗಿ ನನಗೆ ತಿಳಿಯಿತು. ಊರು ಖಾನಾಪುರ. ಅಪ್ಪ ಹಂಚಿನ ಕಾರಖಾನೆಯ ಭಟ್ಟಿಯಲ್ಲಿ ಕೆಲಸ, ತಾಯಿ ಅದೇ ಮಾಲಕರ ಮನೆಯಲ್ಲಿ ಮುಸುರೆ ತಿಕ್ಕುವುದು. ಮನೆಯ ಮಾತು ಮರಾಠಿ, ಕನ್ನಡ ಓಣಿಯಿಂದ ಬಂದದ್ದು, ಇಂಗ್ಲಿಷು ಬೆಳಗಾವಿಯ ಕಾಲೇಜಿಗೆ ದಿನವೂ ರೈಲಿನಲ್ಲಿ ಬರುವಾಗ ನಿಂತುಕೊಂಡೇ ಓದಿದ್ದು. ಧಾರವಾಡದಲ್ಲಿ ಎಂ.ಎ. ಮಾಡಿ, ಆಮೇಲೆ ಡಾಕ್ಟರೇಟಿಗೆ ಬರೆದರು. ಆ ವರ್ಷ ಮುಗಿದ ಆ ದಪ್ಪ ಪ್ರಬಂಧದ ನಕಲು ತೆಗೆದವನೂ ನಾನೇ, ಮೊದಲ ಹಾಳೆಯ ಮೇಲಿನ ಹೆಸರನ್ನು ಮಾತ್ರ ಓದಲಿಲ್ಲ. ಇಂಗ್ಲಿಷ್ ಕಾದಂಬರಿಗಳಲ್ಲಿ ಬರುವ ಕೆಲಸದ ಹೆಂಗಸರ ಬಗ್ಗೆ ಹಲವು ವರ್ಷ ಓದಿದ್ದರಂತೆ. ರಾಣಿಯರನ್ನು ಬಿಟ್ಟು ಕೆಲಸದವರ ಬಗ್ಗೆ ಯಾರಾದರೂ ಓದುತ್ತಾರೆಯೇ ಎಂದು ನಾನು ನಕ್ಕೆ.

"ಒಂದ ಸಾಲಿನ್ಯಾಗ ಚಹಾ ತಗೊಂಡ ಬರ್ತಾರ, ಮುಂದಿನ ಸಾಲಿನ್ಯಾಗ ಹೋಗಿಬಿಡ್ತಾರ," ಎಂದರು ಮೇಡಮ್. "ನಾ ಅವರ ಹಿಂದಿಂದ ಅಡಗಿಮನಿಗೆ ಹೋಗಿ ನೋಡೇನಿ, ಅಷ್ಟ."

ಇಂಗ್ಲೆಂಡಿನ ಕೆಲವು ದೊಡ್ಡ ಮನೆಗಳಲ್ಲಿ ಆಗ ಹೊಸದಾಗಿ ಬಂದ ಕೆಲಸದ ಹುಡುಗಿಯನ್ನು ಹಳೆಯವಳ ಹೆಸರಿನಿಂದಲೇ ಕರೆಯುತ್ತಿದ್ದರಂತೆ, ಹೊಸ ಹೆಸರು ನೆನಪಿಡುವ ತ್ರಾಸು ಬೇಡವೆಂದು. ಅದಕ್ಕೂ ನಾನು ನಕ್ಕೆ. ಅವರು ನಗಲಿಲ್ಲ.

ಈ ಮೇಡಮ್ ನೋಟ್ಸ್ ಹೇಳುತ್ತಿರಲಿಲ್ಲ. ಇದೇ ಎಲ್ಲದಕ್ಕೂ ಮೂಲ. ತರಗತಿಯಲ್ಲಿ ಎಲ್ಲರಿಗೂ ಒಂದು ಬಿಳಿ ಹಾಳೆ ಕೊಟ್ಟು, ನಿಮ್ಮ ಮನೆಯಲ್ಲಿ ಕೈಯಿಂದ ಮಾಡುವ ಒಂದು ಕೆಲಸದ ಬಗ್ಗೆ ಬರೆಯಿರಿ ಎನ್ನುತ್ತಿದ್ದರು. ಮೊದಲು ಮನೆಯ ಮಾತಿನಲ್ಲಿ, ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ. ಕನ್ನಡದವರು ಕನ್ನಡದಲ್ಲಿ, ಮರಾಠಿಯವರು ಮರಾಠಿಯಲ್ಲಿ ಬರೆದರು. ಮುಸಲ್ಮಾನರ ಹುಡುಗನೊಬ್ಬ ತನ್ನ ಮನೆಯ ಮಾತನ್ನು ಕನ್ನಡ ಅಕ್ಷರದಲ್ಲಿ ಬರೆದಿದ್ದ. ಇಂಗ್ಲಿಷ್ ಕಲಿಸಲು ಇದೇನು ಸುತ್ತುದಾರಿ ಎಂದು ನಾನೇ ಕೇಳಿದ್ದೆ.

"ಮೊದಲ ಹೇಳೂದು ಏನರೆ ಇರಬೇಕಲ್ರಿ ಈರಣ್ಣಾರ. ಅದು ಇದ್ರ ಇಂಗ್ಲಿಷ್ ಹಿಂದಿಂದ ಬರ್ತದ, ಬೀಗರು ಬಂದಂಗ."

ತಿದ್ದಿದ ಹಾಳೆಗಳನ್ನು ನನ್ನಲ್ಲಿಗೆ ತಂದು ನಕಲು ಮಾಡಿಸುತ್ತಿದ್ದರು. ಒಬ್ಬರು ಬರೆದದ್ದನ್ನು ಎಲ್ಲರೂ ಓದಬೇಕಂತೆ. ಬರೆದವರ ಹಾಳೆ ಬರೆದವರಿಗೆ ವಾಪಸು. ನನ್ನ ಯಂತ್ರದ ಮೊದಲ ನಕಲು ಯಾವಾಗಲೂ ಕಪ್ಪು ಗೆರೆ ಹೊಡೆದುಕೊಂಡು ಬರುತ್ತಿತ್ತು. ಆ ಕೆಟ್ಟ ನಕಲುಗಳು ಕೌಂಟರಿನ ಕೆಳಗೆ ಬೀಳುತ್ತಿದ್ದವು. ಗಿರಾಕಿ ಇಲ್ಲದಾಗ ನಾನು ಓದುತ್ತಿದ್ದೆ. ಆಟೋ ನಗರದ ಗ್ಯಾರೇಜಿನಲ್ಲಿ ದುಡಿಯುವವನ ಮಗಳೊಬ್ಬಳು ಬರೆದಿದ್ದಳು: ಅಪ್ಪ ಮನೆಗೆ ಬಂದು ಮೊದಲು ಸೀಮೆಎಣ್ಣೆಯಿಂದ ಕೈ ತೊಳೆಯುತ್ತಾನೆ, ಆಮೇಲೆ ಸಾಬೂನಿನಿಂದ, ಆಮೇಲೆ ಮೂಸಿ ನೋಡಿಕೊಳ್ಳುತ್ತಾನೆ, ವಾಸನೆ ಹೋಗಿದ್ದರೆ ಮಾತ್ರ ತಂಗಿಯನ್ನು ಎತ್ತಿಕೊಳ್ಳುತ್ತಾನೆ. ಅದನ್ನು ಓದಿ ನಾನು ನನ್ನ ಮಸಿ ಹತ್ತಿದ ಬೆರಳು ಮೂಸಿ ನೋಡಿಕೊಂಡಿದ್ದೆ. ನನ್ನ ಕಟ್ಟುಗಳಲ್ಲಿ ಅಂಥ ಒಂದು ವಾಕ್ಯವೂ ಇರಲಿಲ್ಲ.

"ನೀವೂ ಒಂದ ಹಾಳಿ ಬರೀರಿ," ಎಂದರು ಮೇಡಮ್ ಒಮ್ಮೆ. "ಮಷೀನ ಮುಂದ ನಿಂದರೂ ಕೆಲಸದ ಬಗ್ಗೆ. ಯಾರ ಬಗ್ಗೆ ಬರೀತೀರಿ, ಅವರ ಹೆಸರ ಬರೀರಿ. ಒಬ್ಬಾಂವ, ಒಬ್ಬಾಕಿ ಅನಬ್ಯಾಡ್ರಿ."

ನಾನು ಬರೆಯಲಿಲ್ಲ. ನನ್ನ ಕಣ್ಣು ಬೇರೆ ಕಡೆ ಇತ್ತು. ಮೇಡಮ್ ಅವರ ಹುಡುಗರು ಇಂಗ್ಲಿಷ್ ನೋಟ್ಸ್ ಕೊಳ್ಳುವುದನ್ನು ಬಿಟ್ಟಿದ್ದರು. ಕಟ್ಟಿದ ಕಟ್ಟುಗಳು ಹಾಗೇ ಧೂಳು ತಿನ್ನುತ್ತಿದ್ದವು.

ಒಂದು ದಿನ ಕಾಲೇಜಿನ ಸೆಕ್ರೆಟರಿ ಸಾಹೇಬರು ಜಮೀನಿನ ಕಾಗದ ನಕಲು ಮಾಡಿಸಲು ಬಂದರು. ಕಟ್ಟಿಗೆ ಮಾರುವ ಅಡ್ಡೆಯ ಮಾಲಕರು, ಕಾಲೇಜನ್ನೂ ಅಡ್ಡೆಯಂತೆಯೇ ನಡೆಸುತ್ತಿದ್ದವರು. ವ್ಯಾಪಾರ ಹೇಗಿದೆ ಎಂದು ಸುಮ್ಮನೆ ಕೇಳಿದರು. ನಾನು ಸುಮ್ಮನೆ ಹೇಳಲಿಲ್ಲ.

"ಎಲ್ಲಿ ವ್ಯಾಪಾರ್ರಿ ಸಾಹೇಬ್ರ. ನಿಮ್ಮ ಇಂಗ್ಲಿಷ್ ಮೇಡಮ್ ಹುಡುಗರ ಕಡಿಂದ ಮರಾಠಿ ಬರಸಾಕತ್ತಾರ. ನೋಟ್ಸ್ ಯಾರ ಒಯ್ತಾರ?"

ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಲ್ಲ. ಅದೇ ಅದರ ಹೊಲಸುತನ. ಆ ವರ್ಷ ಊರಿನಲ್ಲಿ ಗಡಿಯ ಗಲಾಟೆ ಜೋರಾಗಿತ್ತು, ಅಂಗಡಿಗಳ ಫಲಕಕ್ಕೆ ಮಸಿ ಬೀಳುತ್ತಿತ್ತು, ಬಸ್ಸಿನ ಗಾಜು ಒಡೆಯುತ್ತಿದ್ದವು. ನಾನೇ ಗಿರಾಕಿ ನೋಡಿ ಮರಾಠಿಯಲ್ಲಿ ಸೊಗಸಾಗಿ ಮಾತಾಡುವವನು. ಆದರೆ ಆ ದಿನಗಳಲ್ಲಿ ಅಂಥ ಒಂದು ಮಾತಿಗೆ ಎಷ್ಟು ತೂಕ ಎಂದು ನನಗೆ ಪೂರಾ ಗೊತ್ತಿತ್ತು. ಸಾಹೇಬರು ಏನಾದರೂ ಪುರಾವೆ ಇದೆಯೇ ಎಂದರು. ನಾನು ಕೌಂಟರಿನ ಕೆಳಗೆ ಬಗ್ಗಿ ಮರಾಠಿಯ ಹಾಳೆಗಳನ್ನಷ್ಟೇ ಆರಿಸಿ ಕೊಟ್ಟೆ. ಜೋಳದಲ್ಲಿ ಹರಳು ಆರಿಸಿದ ಹಾಗೆ ಆರಿಸಿದೆ.

ಪರೀಕ್ಷೆ ಮುಗಿದು ಹುಡುಗರೆಲ್ಲ ಊರಿಗೆ ಹೋದ ಮೇಲೆ ಕಮಿಟಿ ಕೂತಿತು. ಮುಂದಿನ ಜೂನಿನಿಂದ ಮೇಡಮ್ ಅವರನ್ನು ಕಾಯಂ ಮಾಡುವುದೆಂದು ಮೊದಲೇ ಮಾತಾಗಿತ್ತು; ಹುಡುಗರಿಂದ ಮರಾಠಿ ಬರೆಸಿದರೆಂಬ ದೂರು ಹಿಡಿದು ಈಗ ಅದೇ ಮಾತು ಮುರಿಯಲು ಕೂತಿದ್ದರು. ನನ್ನನ್ನೂ ಕರೆಸಿದ್ದರು. ಮೇಡಮ್ ಹೊರಗೆ ಬೆಂಚಿನ ಮೇಲೆ ಕುಳಿತಿದ್ದರು. ನನ್ನನ್ನು ಕಂಡು ಅವರ ಮುಖ ಅರಳಿತು. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಉರಿಯುತ್ತದೆ.

"ಈರಣ್ಣಾರ, ಛಲೋ ಆತು ನೀವು ಬಂದ್ರಿ. ಹುಡುಗರು ಯಾರೂ ಊರಾಗಿಲ್ಲ. ಕನ್ನಡದ ಹಾಳಿ ನಿಮ್ಮ ಕಡೆ ಇರ್ತಾವಲ್ರಿ, ಗೆರಿ ಬಿದ್ದದ್ದು? ಅವನ್ನ ತಂದು ತೋರಸ್ರಿ. ಮತ್ತೇನೂ ಹೇಳೂದು ಬ್ಯಾಡ."

ಹಾಳೆಗಳು ನನ್ನ ಕೌಂಟರಿನ ಕೆಳಗೇ ಇದ್ದವು. ರಸ್ತೆ ದಾಟಿದರೆ ಸಾಕಿತ್ತು.

"ರದ್ದಿಗೆ ಹಾಕಿನ್ರಿ ಮೇಡಮ್," ಎಂದೆ.

ಅವರು ನನ್ನನ್ನು ನೋಡಿದರು. ಗದರಿಸಲಿಲ್ಲ, ಬೇಡಿಕೊಳ್ಳಲಿಲ್ಲ. "ಹೌದೇನ್ರಿ," ಎಂದರು, ಅಷ್ಟೇ. ಒಳಗೆ ಕಮಿಟಿಯವರು ಕೇಳಿದ್ದಕ್ಕೆಲ್ಲ ಹೌದು ಹೌದು ಎಂದು ಗೋಣು ಹಾಕಿ ಬಂದೆ. ಯಾವ ಮೇಡಮ್ ಎಂದು ಒಬ್ಬರು ಕೇಳಿದಾಗ ನನಗೆ ಹೆಸರು ಬರಲಿಲ್ಲ, "ಆ ಖಾನಾಪುರದಾಕಿ" ಎಂದೆ. ಕೇಳಿದವರಿಗೂ ಅಷ್ಟೇ ಸಾಕಾಯಿತು. ಮರುದಿನ ನನ್ನ ಸುಳ್ಳನ್ನು ಖರೇ ಮಾಡಲು ಆ ಕನ್ನಡದ ಹಾಳೆಗಳನ್ನೆಲ್ಲ ಕಟ್ಟಿ ನಿಜವಾಗಿಯೂ ರದ್ದಿಗೆ ಹಾಕಿದೆ. ಸೀಮೆಎಣ್ಣೆಯಿಂದ ಕೈ ತೊಳೆಯುವ ಅಪ್ಪನೂ ಅದರಲ್ಲೇ ಹೋದ.

ಅಷ್ಟು ಓದಿದ ಹೆಂಗಸನ್ನು ಒಂದು ಮಧ್ಯಾಹ್ನದಲ್ಲಿ ಮನೆಗೆ ಕಳಿಸಿದರು. ಡಾಕ್ಟರೇಟಿನ ಪ್ರಬಂಧದಲ್ಲಿ ಏನಿತ್ತು, ಪಾಠ ಹೇಗಿತ್ತು, ಹುಡುಗರು ಏನು ಕಲಿತರು ಎಂದು ಒಬ್ಬನೂ ಕೇಳಲಿಲ್ಲ. ಅವರ ಜಾಗಕ್ಕೆ ನೋಟ್ಸ್ ಹೇಳುವ ಸರ್ ಒಬ್ಬರು ಕಾಯಂ ಆದರು, ನನ್ನ ಕಟ್ಟುಗಳು ಮತ್ತೆ ಓಡಿದವು. ಆ ಸರ್ ನಿವೃತ್ತರಾದಾಗ ಶಾಲು ಹೊದಿಸಿ, ತಲೆಮಾರನ್ನೇ ತಿದ್ದಿದವರು ಎಂದು ಹೊಗಳಿದರು. ಆ ಸಮಾರಂಭದ ಆಮಂತ್ರಣ ಪತ್ರಿಕೆಯ ನಕಲು ತೆಗೆದವನೂ ನಾನೇ. ಸಿರಾ ಕೊಟ್ಟರು, ತಿಂದು ಬಂದೆ.

ಹಲವು ವರ್ಷಗಳ ನಂತರ ಬೀಗರ ಮನೆಯ ಮದುವೆಗೆ ಖಾನಾಪುರಕ್ಕೆ ಹೋದಾಗ ಬಸ್ ಸ್ಟ್ಯಾಂಡಿನಲ್ಲಿ ಮೇಡಮ್ ಸಿಕ್ಕರು. ತಲೆ ಅರ್ಧ ಬೆಳ್ಳಗಾಗಿತ್ತು. ನಾನು ಕಂಬದ ಹಿಂದೆ ಸರಿಯುವುದರೊಳಗೆ ಅವರೇ ಕರೆದರು.

"ಈರಣ್ಣಾರ, ಆರಾಮ ಅದೀರಿ? ಮಷೀನ ಇನ್ನೂ ಕಾಯ್ತದೇನ್ರಿ?"

ಹೊಸದು ತಂದಿದ್ದೇನೆ, ಕಾಯುವುದಿಲ್ಲ ಎಂದೆ. ಮನೆಯ ಪಡಸಾಲೆಯಲ್ಲೇ ಸಂಜೆ ಹುಡುಗರಿಗೆ ಬರೆಯಲು ಕಲಿಸುತ್ತೇನೆ ಎಂದರು, ಬಂದರೆ ಮನೆಗೆ ಬರ್ರಿ ಎಂದರು. ಮದುವೆ ಮನೆಯ ಊಟದ ಬಗ್ಗೆ ಏನೇನೋ ಬಡಬಡಿಸಿ ನಾನು ಬಸ್ಸು ಹತ್ತಿದೆ. ಆ ದಿನ ಅವರ ಮೇಲೇ ಸಿಟ್ಟು ಬಂದಿತ್ತು ನೋಡಿ. ನಾಲ್ಕು ಮಂದಿಯ ಮುಂದೆ ಒಂದು ಮಾತು ಬೈದಿದ್ದರೆ ಲೆಕ್ಕ ಚುಕ್ತಾ ಎಂದು ನಿದ್ದೆ ಮಾಡಬಹುದಿತ್ತು. ತಪ್ಪು ಮಾಡಿದವನಿಗೆ ಬೈಗುಳವನ್ನೂ ಅವರೇ ತಂದುಕೊಡಬೇಕಂತೆ, ಎಂಥ ದಿಮಾಕು ನನ್ನದು.

ಗುಲಾಬಿಯ ಪ್ರಬಂಧ ಕಂಡ ಮರುದಿನ ಖಾನಾಪುರದ ಬಸ್ಸು ಹತ್ತಿ ಹೋದೆ. ಪಡಸಾಲೆಯಲ್ಲಿ ಹುಡುಗರಿಗೆ ಬರೆಯಲು ಕಲಿಸುವ ಮೇಡಮ್ ಎಲ್ಲಿ ಎಂದು ಕೇಳಿದ್ದಕ್ಕೆ, ಇಲ್ಲೇ ಎದುರಿನ ಓಣಿಯಲ್ಲಿದ್ದಾರೆ ಎಂದು ಚಹಾ ಅಂಗಡಿಯವನು ಹೇಳಿದ, ಕೈ ಚಾಚಿ ದಾರಿಯನ್ನೂ ತೋರಿಸಿದ. ಚಹಾ ಕುಡಿದೆ, ಮತ್ತೊಂದು ಕುಡಿದೆ, ಅದೇ ಬಸ್ಸಿನಲ್ಲಿ ವಾಪಸು ಬಂದೆ. ಓಣಿಯ ಬಾಯಿಯವರೆಗೆ ಹೋಗಿ ಹಿಂದಿರುಗಿದ ಮುದುಕನನ್ನು ನೋಡಿ ನೀವು ಎಷ್ಟು ಬೇಕಾದರೂ ನಗಬಹುದು.

ಬಂದವನು ಮಗನ ಮೇಜಿನಿಂದ ಬಿಳಿ ಹಾಳೆ ತೆಗೆದುಕೊಂಡು ಕುಳಿತೆ. ಅವರು ಅಂದು ಬರೆಯಲು ಹೇಳಿದ ಹಾಳೆ ಇದೇ. ಯಂತ್ರದ ಮುಂದೆ ನಿಂತು ನಾನು ಮಾಡಿದ ಕೆಲಸ ಇದು. ಫೋನ್ ಬರೆದದ್ದಲ್ಲ, ಯಾರ ನಕಲೂ ಅಲ್ಲ. ಮುಗಿದ ಮೇಲೆ ಹಿಡಿದುಕೊಂಡು ಮತ್ತೆ ಬಸ್ಸು ಹತ್ತಬೇಕು, ಈ ಸಲ ಚಹಾ ಕುಡಿಯದೆ. ಆದರೆ ಯಾರ ಬಗ್ಗೆ ಬರೆಯುತ್ತೀರೋ ಅವರ ಹೆಸರು ಬರೆಯಿರಿ ಎಂದಿದ್ದರು, ನಾನು ಇಷ್ಟುದ್ದ ಮೇಡಮ್ ಮೇಡಮ್ ಎಂದೇ ಬರೆದಿದ್ದೇನೆ. ಹೆಸರು ನನಗೆ ಗೊತ್ತಾದದ್ದೇ ಮೊನ್ನೆ, ಆ ಚಹಾ ಅಂಗಡಿಯವನ ಬಾಯಿಂದ. ನಾನು ಇವತ್ತಿನವರೆಗೆ ಯಾರಲ್ಲಿ ಕ್ಷಮೆ ಕೇಳಿಲ್ಲವೋ ಅವರ ಹೆಸರು ಡಾಕ್ಟರ್ ಶಾಲಿನಿ ಪರಶುರಾಮ ಕುಂಭಾರ.