ದೇವಿಯಾಗಿ ಕುಳಿತ ಪುಸ್ತಕದ ಕೊಂಡಿ

ಪುಣೆಯ ಹೊರಗೆ ನಮ್ಮವರು ಉತ್ಖನನ ನಡೆಸಿದ್ದ ಗುಂಡಿಯಲ್ಲಿ ಸಿಕ್ಕ ಹಿತ್ತಾಳೆಯ ತುಣುಕೊಂದನ್ನು ಕೂಲಿಯ ಹೆಂಗಸೊಬ್ಬಳು ತನ್ನ ಶೆಡ್ಡಿಗೆ ಒಯ್ದಿದ್ದಾಳೆ, ದೇವಿ ಎಂದು ಪೂಜೆ ಮಾಡುತ್ತಿದ್ದಾಳೆ, ಮರಾಠಿಯಲ್ಲಿ ಎಷ್ಟು ಹೇಳಿದರೂ ಕೊಡುತ್ತಿಲ್ಲ ಎಂದು ಮೇಲ್ವಿಚಾರಕರು ನನಗೆ ಫೋನು ಮಾಡಿದರು. ಅಗೆದು ತಂದ ಲೋಹದ ವಸ್ತುಗಳನ್ನು ಪ್ರಯೋಗಾಲಯದಲ್ಲಿ ಕೂತು ಶುಚಿ ಮಾಡುವುದಷ್ಟೇ ನನ್ನ ಕೆಲಸ. ಆದರೆ ಅವಳು ಯಾದಗಿರಿ ಕಡೆಯವಳು, ನಾನು ಕನ್ನಡದವಳು. ಈ ಊರಿನಲ್ಲಿ ಕನ್ನಡ ಬಲ್ಲವರ ಪಾಡೇ ಇಷ್ಟು, ಯಾರ ಜಗಳಕ್ಕಾದರೂ ಕರೆ ಬರುತ್ತದೆ. ಗೊಣಗುತ್ತಲೇ ಹೊರಟೆ.

ಅವರು ಕಳಿಸಿದ ಫೋಟೋ ನೋಡಿದಾಗಲೇ ಅದೇನೆಂದು ತಿಳಿದಿತ್ತು. ಹಳೆಯ ಕಾಲದ ದಪ್ಪ ಪುಸ್ತಕಗಳ ರಟ್ಟು ಬಿಚ್ಚಿಕೊಳ್ಳದಂತೆ ಹಾಕುತ್ತಿದ್ದ ಕೊಂಡಿ. ಹೆಬ್ಬೆರಳಿನಷ್ಟು ಉದ್ದ, ಮೇಲೆ ಹೂಬಳ್ಳಿಯ ಕೆತ್ತನೆ, ಚರ್ಮಕ್ಕೆ ಕೂರಿಸಲು ಎರಡು ದುಂಡು ಮೊಳೆ. ದಾರಿಯುದ್ದಕ್ಕೂ ನನಗೊಂದೇ ಭಯ. ದೇವರ ಸಾಮಾನು ಎಂದರೆ ನಮ್ಮ ಹೆಂಗಸರು ಹುಣಸೆಹಣ್ಣು ಹಚ್ಚಿ ತಿಕ್ಕದೆ ಬಿಡುವವರಲ್ಲ. ತಿಕ್ಕಿದರೆ ಹಿಂದೆ ಅಂಟಿಕೊಂಡ ಚರ್ಮದ ಚೂರೂ ಹೋಯಿತು, ಕೆತ್ತನೆಯೂ ಹೋಯಿತು.

ತಗಡಿನ ಶೆಡ್ಡಿನ ಮೂಲೆಯಲ್ಲಿ, ರವಿಕೆಯ ಹೊಸ ಖಣದ ಮೇಲೆ ಅದು ಕುಳಿತಿತ್ತು. ಎರಡೂ ಮೊಳೆಗಳಿಗೆ ಕುಂಕುಮ. ನಿಜ ಹೇಳಬೇಕೆಂದರೆ ನನಗೂ ಒಂದು ಕ್ಷಣ ಮುಖದ ಹಾಗೆಯೇ ಕಂಡಿತು.

"ತೊಳದೀರೇನು?" ಎಂದೆ.

"ಇಲ್ರೀ ಅಕ್ಕೋರ. ನಮ್ಮೂರ ಪೂಜಾರಿ ಬರೂತನಕ ಹೊಸ ದೇವ್ರಿಗೆ ನೀರು ಮುಟ್ಟಸಂಗಿಲ್ರಿ."

ಹೋದ ಜೀವ ಬಂದಂತಾಯಿತು. ಆದರೆ ಅವಳ ಮುಖ ಇಳಿದೇ ಇತ್ತು. ಕೊಡದೆ ಹಠ ಹಿಡಿದಿದ್ದಾಳೆ ಎಂದುಕೊಂಡು ಜಗಳಕ್ಕೆ ಸಿದ್ಧಳಾಗಿ ಬಂದಿದ್ದೆ. ಅವಳು ಹೆದರಿದ್ದಳು. ಬಾಗಿಲಲ್ಲಿ ಕೂತಿದ್ದ ತುಂಬಿದ ಬಸುರಿ ಮಗಳು ಹೇಳಿದಳು, "ಅವ್ವ ಇದು ಸಿಕ್ಕಾಗಿಂದ ಊಟ ಬಿಟ್ಟು ಬರೇ ಚಾದ ಮ್ಯಾಲ ಅದಾಳ್ರಿ. ಅಕಿ ಗುದ್ದಲಿ ಬಡದು ದೇವಿ ಗದ್ದ ಮುರದದಂತ. ಅದರ ಪಾಪ ನನ್ನ ಕೂಸಿಗೆ ತಟ್ಟತದಂತ."

ನೋಡಿದರೆ ಕೊಂಡಿಯ ಕೆಳಗಿನ ಅಂಚು ಮುರಿದಿತ್ತು.

"ಅವ್ವಾ, ಇದು ದೇವಿ ಅಲ್ಲ, ಪುಸ್ತಕದ್ದು," ಎಂದೆ. "ನಿಮ್ಮ ಟ್ರಂಕಿಗೆ ಕೊಂಡಿ ಅದಲ್ಲ, ಹಂಗ ಪುಸ್ತಕಕ್ಕ ಹಾಕ್ತಿದ್ರು."

ಗೆದ್ದೆ ಎಂದುಕೊಂಡೆ. ಅವಳು ಗಲ್ಲ ಗಲ್ಲ ಬಡಿದುಕೊಂಡಳು. "ಪುಸ್ತಕ ಅಂದ್ರ ಸರಸ್ವತಿ ಅಲ್ಲೇನ್ರಿ? ಸರಸ್ವತಿಗೇ ಬಡದ್ನಲ್ರೀ."

ಒಬ್ಬ ದೇವಿಯನ್ನು ಕಳಿಸಲು ಹೋಗಿ ಇನ್ನೊಬ್ಬಳನ್ನು ಕರೆದು ಕೂರಿಸಿದ್ದೆ. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಮನೆಯಲ್ಲೇ ಬೆಳೆದ ನನಗೆ ಇದು ಮೊದಲೇ ಹೊಳೆಯಬೇಡವೇ? ನನ್ನ ಜಾಣತನದ ಮೇಲೆ ನನಗೇ ಸಿಟ್ಟು ಬಂತು.

ಅವಳನ್ನು ಕೇಳಿ, ಖಣದ ಸಮೇತ ಅದನ್ನು ಬಾಗಿಲ ಬೆಳಕಿಗೆ ತಂದೆ. ಮುರಿದ ಅಂಚನ್ನು ಹತ್ತಿರ ಹಿಡಿದು ನೋಡಿದೆ. ಪ್ರಯೋಗಾಲಯದಲ್ಲಾಗಿದ್ದರೆ ಮೊದಲು ನೋಡುತ್ತಿದ್ದುದೇ ಅದನ್ನು.

"ಅವ್ವಾ, ಹಿತ್ತಾಳಿ ಚರಗಿ ಈಗ ಒಡದ್ರ, ಒಡದಲ್ಲಿ ಹೆಂಗ ಕಾಣ್ತದ?"

"ಹಳದಿ ಕಾಣ್ತದ್ರಿ. ಹೊಳೀತದ."

"ಇಲ್ಲಿ ನೋಡ್ರಿ."

ಅವಳು ಬಗ್ಗಿದಳು. ಮಗಳೂ ಸೊಂಟ ಹಿಡಿದುಕೊಂಡು ಎದ್ದು ಬಂದಳು. ಮುರಿದ ಅಂಚಿನ ತುಂಬ ಹಸಿರು ಕಿಲುಬು ಕಟ್ಟಿತ್ತು, ಉಳಿದ ಕಡೆ ಇದ್ದಷ್ಟೇ ದಪ್ಪಗೆ.

"ಕಿಲುಬು ಹಿಡದದ," ಎಂದಳು ಮಗಳು.

"ಮಣ್ಣಾಗ ಇದ್ದಾಗನ ಹಿಡದದ್ದು. ನೀವು ಹುಟ್ಟೂದಕ್ಕಿಂತ ಮೊದಲ ಇದು ಮುರದದ. ನಿಮ್ಮ ಗುದ್ದಲಿಗೂ ಇದಕ್ಕೂ ಸಂಬಂಧ ಇಲ್ಲ."

ಅವಳು ಬಹಳ ಹೊತ್ತು ಆ ಅಂಚನ್ನೇ ನೋಡಿದಳು. ಉಗುರಿನಿಂದ ಮೆಲ್ಲಗೆ ಮುಟ್ಟಲು ಹೋದಳು, ನಾನು ಬೇಡವೆಂದೆ. ಆಮೇಲೆ ಖಣವನ್ನು ತಾನೇ ಮಡಚಿ, ಕೊಂಡಿಯನ್ನು ನನ್ನ ಕೈಯಲ್ಲಿಟ್ಟಳು. ದೇವಿಯೋ ಪುಸ್ತಕದ್ದೋ ಎಂದು ಮತ್ತೆ ಕೇಳಲಿಲ್ಲ. ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ.

ಅವಳು ಮಗಳ ಕಡೆ ತಿರುಗಿ, "ರೊಟ್ಟಿ ಉಳದಾವೇನ?" ಎಂದಳು.